ಮನಸ್ಸಿಲ್ಲದ ದಿನದ ಪ್ರಾರ್ಥನೆ

ಮನಸ್ಸು ಶುದ್ಧವಾಗಿದ್ದರೆ ಸಾಕು, ವಾರ ವಾರ ಹೋಗಿ ಸಾಲಿನಲ್ಲಿ ಕೂರುವುದು ಯಾಕೆ? ಈ ಮಾತನ್ನು ನಾವು ಮಸೀದಿಯ ಅಂಗಳದಲ್ಲಿ ಕೇಳಿದ್ದೇವೆ, ಕಾಲೇಜಿನ ಕ್ಯಾಂಟೀನಿನಲ್ಲಿ ಕೇಳಿದ್ದೇವೆ, ಕ್ರೈಸ್ತ ನೆರೆಯವರ ಜಗಲಿಯಲ್ಲೂ ಕೇಳಿದ್ದೇವೆ. ಕೇಳುವವರು ಹೆಚ್ಚಾಗಿ ಎಳೆಯರು. ಗದರಿಸಿ ಬಾಯಿ ಮುಚ್ಚಿಸುವುದು ಸುಲಭ, ಹಿರಿಯರು ಅದನ್ನೇ ಮಾಡುತ್ತಾರೆ. ಆದರೆ ಆ ಪ್ರಶ್ನೆಯ ಹಿಂದೆ ಒಂದು ಪ್ರಾಮಾಣಿಕ ತಕರಾರಿದೆ. ಒಳಗೆ ಭಕ್ತಿಯ ಒಂದು ಹನಿಯೂ ಇಲ್ಲದ ದಿನ ಭಕ್ತನ ಹಾಗೆ ಮೊಣಕಾಲೂರುವುದು ಸುಳ್ಳಲ್ಲವೇ? ದೇವರ ಮುಂದೆಯೇ ಸುಳ್ಳು ಆಡಿದಂತಲ್ಲವೇ?

ಸ್ವಂತ ಮನೆಯಲ್ಲಿಟ್ಟು ನೋಡಿದರೆ ಇಂಥ ಪ್ರಶ್ನೆ ಕಣ್ಣಿಗೆ ತೀರ ಹತ್ತಿರವಾಗಿ ಮಸುಕಾಗುತ್ತದೆ. ಅಭ್ಯಾಸ, ಅಭಿಮಾನ, ಅಂಜಿಕೆ ಎಲ್ಲ ಅಡ್ಡ ಬರುತ್ತವೆ. ನೆರೆಮನೆಯಲ್ಲಿಟ್ಟು ನೋಡಿದರೆ ಅದರ ಆಕಾರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಕರಾವಳಿಯ ಒಂದು ಸಣ್ಣ ಕೆಥೊಲಿಕ್ ಇಗರ್ಜಿಯ ವಾರವನ್ನು ನೋಡೋಣ. ಕಲ್ಯಾಣಪುರದ ಮಿಲಾಗ್ರಿಸ್‌ನಂಥ ದೊಡ್ಡ ದೇವಾಲಯವಲ್ಲ. ಅದು 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಬೇರೆಯಾದಾಗ ಅದರ ಪ್ರಧಾನಾಲಯವಾಯಿತು. ನಾವು ಹೇಳುತ್ತಿರುವುದು ಗದ್ದೆ ಬದಿಯ, ತೆಂಗಿನ ತೋಟದ ನಡುವಿನ, ಇನ್ನೂರು ಮುನ್ನೂರು ಮನೆಗಳ ಇಗರ್ಜಿಯ ವಿಷಯ. ಅಂಥವು ಉಡುಪಿ, ಮಂಗಳೂರು ಕಡೆ ಬೇಕಾದಷ್ಟಿವೆ. ಅವುಗಳ ಗಂಟೆ ಕೇಳುತ್ತಲೇ ನಮ್ಮ ಕಡೆಯ ಅನೇಕ ಮುಸ್ಲಿಮರು ಬೆಳೆದಿದ್ದಾರೆ.

ಗಂಟೆ ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಬೆಳಗಿನ ಪೂಜೆಗೆ ಹತ್ತು ಹದಿನೈದು ಮಂದಿ ಇದ್ದರೆ ಹೆಚ್ಚು. ಅವರಲ್ಲಿ ಬಹುಪಾಲು ವಯಸ್ಸಾದ ಹೆಂಗಸರು, ನಾವು ಬಾಯಿ ಎಂದು ಕರೆಯುವವರು. ಮಳೆಗಾಲದಲ್ಲಿ ಕೊಡೆ ಮಡಚಿ ಬಾಗಿಲಿಗೆ ಒರಗಿಸಿಟ್ಟು ತಮ್ಮ ತಮ್ಮ ಮಾಮೂಲಿ ಬೆಂಚಿಗೆ ಹೋಗುತ್ತಾರೆ. ಸಂಜೆ ಮನೆಗಳಲ್ಲಿ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಬಂದು ಬೆಸಾಂವ್ ಬೇಡುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿದೆ. ಬೆಸಾಂವ್ ಎಂದರೆ ಆಶೀರ್ವಾದ. ಹಗಲಿಡೀ ಅಮ್ಮನೊಂದಿಗೆ ಜಗಳವಾಡಿದ ಮಗನೂ ಸಂಜೆ ಅವಳಿಂದ ಬೆಸಾಂವ್ ತೆಗೆದುಕೊಳ್ಳಲೇಬೇಕು. ಆಗ ಅವನಿಗೆ ಮನಸ್ಸಿರುತ್ತದೆಯೇ? ಅವಳಿಗೂ ಇರುತ್ತದೆಯೇ? ಆದರೂ ಕೈ ಏಳುತ್ತದೆ, ತಲೆ ಬಾಗುತ್ತದೆ. ಜಗಳ ಅಲ್ಲಿಗೆ ಮುಗಿಯಿತೆಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೆ ರಾತ್ರಿಯ ಮೊದಲು ಒಂದು ತಡೆ ಬಿತ್ತು, ಅಷ್ಟು ನಿಜ.

ಇಗರ್ಜಿಯ ವ್ಯಾಪ್ತಿಯ ಮನೆಗಳನ್ನು ವಾಡೊಗಳಾಗಿ ಹಂಚಿರುತ್ತಾರೆ. ಪ್ರತಿ ವಾಡೊಗೊಬ್ಬ ಗುರ್ಕಾರ. ಈ ಭಾನುವಾರ ಯಾವ ವಾಡೊದವರು ವಾಚನ ಓದಬೇಕು, ಯಾರು ಗುಡಿಸಬೇಕು, ಬಲಿಪೀಠಕ್ಕೆ ಹೂವು ಯಾರದು ಎಂಬುದೆಲ್ಲ ಪಾಳಿಯ ಪ್ರಕಾರ ನಡೆಯುತ್ತದೆ. ಶನಿವಾರ ಸಂಜೆ ಗಾಯನದವರ ಅಭ್ಯಾಸ. ಭಾನುವಾರ ಪೂಜೆ, ನಂತರ ಮಕ್ಕಳಿಗೆ ಧರ್ಮೋಪದೇಶದ ತರಗತಿ. ಇನ್ನೊಂದು ಕೋಣೆಯಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಕೂತು, ಯಾರ ಮನೆಗೆ ಅಕ್ಕಿ ಬೇಕು, ಯಾರ ಮಾಡು ಸೋರುತ್ತಿದೆ ಎಂದು ಮೆಲುದನಿಯಲ್ಲಿ ಮಾತನಾಡುತ್ತಾರೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝನಾಮ್ ಎಂಬ ವಿದ್ಯಾರ್ಥಿಯೂ ಅವನ ಗೆಳೆಯರೂ ಆರಂಭಿಸಿದ ಸಂಘವಿದು. ಹಣ ಕಳಿಸಿ ಕೈತೊಳೆದುಕೊಳ್ಳದೆ ಬಡವರ ಮನೆಗೇ ಹೋಗಬೇಕೆಂಬುದು ಅದರ ನಿಯಮ. ತಿಂಗಳ ಮೊದಲ ಶುಕ್ರವಾರ ಪಾದ್ರಿಗಳು ಪರಮಪ್ರಸಾದ ಹಿಡಿದು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ.

ಈ ಕೊನೆಯ ಸಂಗತಿ ಗಮನಿಸಬೇಕಾದದ್ದು. ನಮ್ಮ ಕರಾವಳಿಯಲ್ಲಿ ಮನೆಗಳು ದೊಡ್ಡದಾಗಿವೆ, ಒಳಗಿರುವವರು ಕಡಿಮೆಯಾಗಿದ್ದಾರೆ. ಮಕ್ಕಳು ಗಲ್ಫಿನಲ್ಲಿ, ಕೆನಡಾದಲ್ಲಿ, ಬೆಂಗಳೂರಿನಲ್ಲಿ. ಟೈಲ್ಸ್ ಹಾಕಿದ ಐದು ಕೋಣೆಗಳ ಮನೆಯಲ್ಲಿ ಒಬ್ಬಳೇ ಮುದುಕಿ, ಒಂದು ಟಿವಿ, ಒಂದು ನಾಯಿ. ಆ ಬಾಗಿಲನ್ನು ಯಾರು ತಟ್ಟುತ್ತಾರೆ? ವಿದ್ಯುತ್ ಮೀಟರ್ ಓದುವವನು ತಟ್ಟುತ್ತಾನೆ. ಮತ್ತೆ, ತನ್ನ ಪಾಳಿ ಬಂದಿದೆಯೆಂದು ಗುರ್ಕಾರ ತಟ್ಟುತ್ತಾನೆ. ಅವನಿಗೆ ಆ ದಿನ ಮುದುಕಿಯ ಮೇಲೆ ವಿಶೇಷ ಪ್ರೀತಿ ಉಕ್ಕಿ ಬಂದಿರಬೇಕೆಂದೇನೂ ಇಲ್ಲ. ಅಡಿಕೆ ಒಣಗಿಸುವ ಕೆಲಸ ಬಿಟ್ಟು ಬಂದು ಗೊಣಗುತ್ತಲೂ ಇರಬಹುದು. ಭಾನುವಾರ ಆ ಬೆಂಚು ಖಾಲಿಯಿತ್ತು, ಅದಕ್ಕೆ ಬಂದ. ನಮ್ಮ ಎಳೆಯರ ತಕರಾರಿಗೆ ಉತ್ತರ ಹುಡುಕುವುದಾದರೆ ಆ ಖಾಲಿ ಬೆಂಚಿನಿಂದ ಶುರು ಮಾಡಬೇಕೆಂದು ನಮಗೆ ಅನಿಸುತ್ತದೆ. ಮನೆಯಲ್ಲಿ ಕೂತು ಮಾಡುವ ಶುದ್ಧ ಪ್ರಾರ್ಥನೆಯನ್ನು ಅಲ್ಲಾಹನು ಕೇಳುತ್ತಾನೆ, ಸಂದೇಹವಿಲ್ಲ. ಆದರೆ ಮನೆಯಲ್ಲಿ ಕೂತವನಿಗೆ ಇಂದು ಯಾರು ಬರಲಿಲ್ಲ ಎಂಬುದು ಗೊತ್ತಾಗುವುದಿಲ್ಲ.

ಇಷ್ಟಾದರೂ ಸುಳ್ಳಿನ ಪ್ರಶ್ನೆ ಹಾಗೆಯೇ ಉಳಿಯಿತು. ಉಪಯೋಗವಿದೆ ಎಂದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದಿಲ್ಲವಲ್ಲ. ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಬೇಕು. ಜನ ನೋಡಲಿ ಎಂದು ಮಾಡುವ ಆರಾಧನೆ ಬೇರೆ, ಮನಸ್ಸು ಬತ್ತಿದ್ದರೂ ಮಾಡುವ ಆರಾಧನೆ ಬೇರೆ. ಮೊದಲನೆಯದಕ್ಕೆ ನಮ್ಮಲ್ಲಿ ರಿಯಾ ಎಂಬ ಹೆಸರಿದೆ, ಅದು ದೊಡ್ಡ ಪಾಪ. ಎರಡನೆಯದರಲ್ಲಿ ನಿಯ್ಯತ್ ಇದೆ, ರುಚಿ ಇಲ್ಲ. ಜ್ವರ ಬಂದವನು ಗಂಜಿ ಕುಡಿಯುತ್ತಾನೆ. ಹಸಿವಿಲ್ಲದೆ ಕುಡಿದ ಆತ ನಾಟಕವಾಡಿದ ಎಂದು ಯಾರೂ ಹೇಳುವುದಿಲ್ಲ.

ಈ ವಿಷಯದಲ್ಲಿ ಕೆಥೊಲಿಕರ ಬಳಿ ದೊಡ್ಡದೊಂದು ಉದಾಹರಣೆಯಿದೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಬರೆದಿದ್ದ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಓದಿದವರು ಬೆಚ್ಚಿದರು. ಕೊಲ್ಕತ್ತಾದ ಬೀದಿಗಳಲ್ಲಿ ಕೆಲಸ ಆರಂಭಿಸಿದ ಕಾಲದಿಂದ ದಶಕಗಳ ಕಾಲ ಆಕೆಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಆಗುತ್ತಿರಲಿಲ್ಲ, ಕತ್ತಲೆಯೊಂದೇ ಕಾಣುತ್ತಿತ್ತು ಎಂದು ಆ ಪತ್ರಗಳು ಹೇಳುತ್ತವೆ. ಹಾಗಾದರೆ ಆಕೆ ನಟಿಸುತ್ತಿದ್ದರೇ ಎಂದು ಕೆಲವರು ಕೇಳಿದರು. ನಮಗೆ ಹಾಗೆ ತೋರುವುದಿಲ್ಲ. ಬೆಳಿಗ್ಗೆ ಏಳುವುದು, ಪೂಜೆಗೆ ಹೋಗುವುದು, ಕುಷ್ಠರೋಗಿಯ ಗಾಯ ತೊಳೆಯುವುದು, ಇವು ಅನುಭವಕ್ಕಾಗಿ ಕಾಯಲಿಲ್ಲ. ಕಾದಿದ್ದರೆ ಆ ರೋಗಿಯೂ ಅಷ್ಟು ವರ್ಷ ಕಾಯಬೇಕಿತ್ತು.

ಇನ್ನೂ ಹಳೆಯ ಒಂದು ವಾದ ಇಲ್ಲಿ ನೆನಪಾಗುತ್ತದೆ. ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ 303ರಲ್ಲಿ ಕ್ರೈಸ್ತರನ್ನು ಹಿಂಸಿಸತೊಡಗಿದಾಗ ಉತ್ತರ ಆಫ್ರಿಕದ ಕೆಲವು ಧರ್ಮಗುರುಗಳು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿಬಿಟ್ಟರು. ಹಿಂಸೆ ನಿಂತ ಮೇಲೆ ಜಗಳ ಹುಟ್ಟಿತು. ಅಂಥವನ ಕೈಯಿಂದ ಕೊಟ್ಟ ದೀಕ್ಷೆ ದೀಕ್ಷೆಯೇ? ಅಲ್ಲವೆಂದವರು ಡೊನಾಟಿಸ್ಟರು, ಶುದ್ಧರ ಸಭೆಯೇ ನಿಜವಾದ ಸಭೆ ಎಂದವರು. ಹಿಪ್ಪೊ ನಗರದ ಬಿಷಪ್ ಅಗಸ್ಟಿನ್ ಅವರನ್ನು ವಿರೋಧಿಸಿದ. ಸಂಸ್ಕಾರ ದೇವರದು, ಕೊಡುವವನ ಯೋಗ್ಯತೆಯ ಮೇಲೆ ಅದು ನಿಂತಿಲ್ಲ ಎಂಬುದು ಅವನ ವಾದದ ಸಾರ. 411ರಲ್ಲಿ ಕಾರ್ಥೇಜಿನಲ್ಲಿ ಈ ಬಗ್ಗೆ ದೊಡ್ಡ ಸಭೆಯೇ ನಡೆಯಿತು. ಕೊನೆಗೆ ಸರಕಾರದ ಬಲದಿಂದ ಡೊನಾಟಿಸ್ಟರನ್ನು ಅಡಗಿಸಿದ್ದನ್ನು, ಅದನ್ನು ಅಗಸ್ಟಿನ್ ಸಮರ್ಥಿಸಿದ್ದನ್ನು ನಾವು ಮೆಚ್ಚುವುದಿಲ್ಲ. ಆದರೆ ಅವನ ಮೂಲ ಮಾತು ಉಳಿಯಿತು. ಸುನ್ನೀ ಪರಂಪರೆಯ ವಿದ್ವಾಂಸರೂ ಸಜ್ಜನನ ಹಿಂದೆಯೂ ಪಾಪಿಯ ಹಿಂದೆಯೂ ನಮಾಜ್ ಆಗುತ್ತದೆ ಎಂದೇ ಹೇಳಿದ್ದಾರೆ. ಇಮಾಮನ ಹೃದಯವನ್ನು ತೂಗಿ ನೋಡಿ ಸಾಲು ಕಟ್ಟುವುದಾದರೆ ಲೋಕದಲ್ಲಿ ಸಾಲೇ ನಿಲ್ಲುತ್ತಿರಲಿಲ್ಲ.

ಸಣ್ಣ ಇಗರ್ಜಿಯ ಪಾದ್ರಿಗೂ ಇದು ಅನ್ವಯಿಸುತ್ತದೆ. ಕೆಥೊಲಿಕ್ ಧರ್ಮಸಭೆಯ ಕಾನೂನಿನಲ್ಲಿ ಒಂದು ನಿಯಮವಿದೆ. ಪ್ರತಿ ಭಾನುವಾರ ವಿಗಾರರು ಒಂದು ಪೂಜೆಯನ್ನು ತಮಗೆ ಒಪ್ಪಿಸಲಾದ ಜನರಿಗಾಗಿಯೇ ಅರ್ಪಿಸಬೇಕು. ಕಾಣಿಕೆ ಕೊಟ್ಟವರ ಹೆಸರಿನಲ್ಲಲ್ಲ, ಎಲ್ಲರ ಹೆಸರಿನಲ್ಲಿ. ಬಂದವರು, ಬಾರದವರು, ತಮ್ಮ ಮೇಲೆ ಬಿಷಪರಿಗೆ ದೂರು ಬರೆದವರು, ಎಲ್ಲರೂ ಆ ಲೆಕ್ಕದಲ್ಲಿ ಸೇರಿದರು. ಇದನ್ನು ತಿಳಿದಾಗ ನಮಗೆ ಸಂತೋಷವಾಯಿತು. ಪಾದ್ರಿಯೂ ಮನುಷ್ಯ. ದೂರು ಬರೆದವನ ಮೇಲೆ ಪ್ರೀತಿ ಬರುವ ತನಕ ಕಾಯುತ್ತೇನೆ ಎಂದರೆ ಆಗುವ ಕೆಲಸವಲ್ಲ. ನಿಯಮ ಅವರ ಕೈ ಹಿಡಿದು ಆ ಕೆಲಸ ಮಾಡಿಸುತ್ತದೆ. ವಾಚನಗಳೂ ಅವರ ಆಯ್ಕೆಯಲ್ಲ. ಭಾನುವಾರದ ಪಾಠಗಳು ಮೂರು ವರ್ಷದ ಚಕ್ರದಲ್ಲಿ ಮೊದಲೇ ಗೊತ್ತಾಗಿರುತ್ತವೆ. ತಮಗೆ ಇಷ್ಟವಿಲ್ಲದ ಪಾಠವನ್ನೂ ಓದಿಸಿ, ಅದರ ಮೇಲೆಯೇ ಪ್ರವಚನ ಕೊಡಬೇಕು. ಪ್ರವಚನ ಉದ್ದವಾಯಿತೆಂದು ಹಿಂದಿನ ಬೆಂಚಿನವರು ಕೈಗಡಿಯಾರ ನೋಡುವುದು ಬೇರೆ ಮಾತು. ಅದು ಎಲ್ಲ ಧರ್ಮಗಳಲ್ಲೂ ಇದೆ.

ಮದುವೆಗೋ ಸಾವಿಗೋ ಕರೆ ಬಂದಾಗ ನಾವು ಹಿಂದಿನ ಬೆಂಚಿನಲ್ಲಿ ಕೂತವರು. ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಸಾಲಾಗಿ ಮುಂದೆ ಹೋಗುತ್ತಾರೆ, ನಾವು ಕೂತಲ್ಲೇ ಇರುತ್ತೇವೆ. ಇದು ಅವಮಾನವಲ್ಲವೇ ಎಂದು ಸ್ನೇಹಿತರೊಬ್ಬರು ಕೇಳಿದ್ದುಂಟು. ಅಲ್ಲ. ಅವರು ನಂಬಿದ್ದನ್ನು ನಂಬದವರು ಕೈಚಾಚುವುದೇ ಸುಳ್ಳಾದೀತು. ಆದರೆ ಆ ಹೊತ್ತಿನಲ್ಲಿ ಬೆಂಚಿನಲ್ಲಿ ಉಳಿಯುವವರು ನಾವು ಮಾತ್ರವಲ್ಲ. ವಿಚ್ಛೇದನವಾಗಿ ಧರ್ಮಸಭೆಯ ಹೊರಗೆ ಮತ್ತೆ ಮದುವೆಯಾದವರು ಉಳಿಯುತ್ತಾರೆ. ಊರಿಗೆಲ್ಲ ಗೊತ್ತಿರುವ ಅವರ ಕಥೆಯನ್ನು ಪ್ರತಿ ಭಾನುವಾರ ಆ ಕೂತ ಭಂಗಿ ಇನ್ನೊಮ್ಮೆ ಹೇಳುತ್ತದೆ. ಯಾರು ಬರಲಿಲ್ಲ ಎಂದು ಗಮನಿಸುವ ಕಣ್ಣೇ ಯಾರು ಎದ್ದು ಹೋಗಲಿಲ್ಲ ಎಂದೂ ಗಮನಿಸುತ್ತದೆ. ಖಾಲಿ ಬೆಂಚಿನ ಗುಣಗಾನ ಮಾಡುವವರು ಈ ಬೆಂಚನ್ನೂ ನೋಡಬೇಕು. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ ಬರೆದ ಪತ್ರದಲ್ಲಿ ಇಂಥವರ ಸ್ಥಿತಿಯನ್ನು ಒಬ್ಬೊಬ್ಬರದಾಗಿ ವಿವೇಚಿಸಿ ನೋಡಿ, ಅವರನ್ನು ಹೊರಗಿಟ್ಟವರಂತೆ ಕಾಣಬೇಡಿ ಎಂದರು. ಅದರ ಮೇಲೆ ಕೆಥೊಲಿಕರೊಳಗೇ ದೊಡ್ಡ ಚರ್ಚೆ ನಡೆಯಿತು. ವಂತಿಗೆ ಬಾಕಿಯಿಟ್ಟವನು ನಾಚಿಕೆಯಿಂದ ಬಾರದೇ ಇರುವುದು, ಮದುವೆಯ ಮಾತುಕತೆಯಲ್ಲಿ ಹಳೆಯ ಜಾತಿಯ ಹೆಸರು ಇಣುಕುವುದು, ಇವೂ ಇವೆ. ನಮ್ಮ ಜಮಾಅತುಗಳ ಬಾಕಿ ಪಟ್ಟಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಮುದಾಯ ನಮ್ಮನ್ನು ಲೆಕ್ಕಕ್ಕಿಟ್ಟುಕೊಂಡಿದೆ ಎಂಬ ಮಾತಿಗೆ ಎರಡು ಅರ್ಥಗಳಿವೆ, ಎರಡೂ ಒಂದೇ ಬಾಗಿಲಿನಿಂದ ಒಳಬರುತ್ತವೆ. ಬಾಗಿಲನ್ನೇ ಮುಚ್ಚಿದರೆ ಒಂದನ್ನು ತಡೆಯಲು ಹೋಗಿ ಇನ್ನೊಂದನ್ನೂ ಕಳೆದುಕೊಳ್ಳುತ್ತೇವೆ.

ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದನ್ನು 2020ರಲ್ಲಿ ನೋಡಿಯಾಯಿತು. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಏಪ್ರಿಲ್ 10ರ ಶುಭ ಶುಕ್ರವಾರ ಇಗರ್ಜಿಗಳಲ್ಲಿ ಜನರಿಲ್ಲ. ಅದೇ ಶುಕ್ರವಾರ ಮಸೀದಿಗಳಲ್ಲಿ ಜುಮಾದ ಸಾಲುಗಳೂ ಇಲ್ಲ, ನಾವು ಮನೆಯಲ್ಲಿ ಝುಹರ್ ಮಾಡಿದೆವು. ಕೆಥೊಲಿಕರಿಗೆ ಬಿಷಪರು ಭಾನುವಾರದ ಕಡ್ಡಾಯದಿಂದ ವಿನಾಯಿತಿ ಕೊಟ್ಟರು, ಪೂಜೆ ಮೊಬೈಲಿನಲ್ಲಿ ಬಂತು. ಬೇಕಾದರೆ ವ್ಯಾಟಿಕನ್ನಿನದನ್ನೇ ನೋಡಬಹುದಿತ್ತು. ಹಾಡು ಇಂಪಾಗಿತ್ತು, ಪ್ರವಚನ ಚುಟುಕಾಗಿತ್ತು, ಹಿಡಿಸದಿದ್ದರೆ ಬೆರಳಿನಿಂದ ಸರಿಸಬಹುದಿತ್ತು. ಮನಸ್ಸಿದ್ದಾಗ ಮಾತ್ರ ಪ್ರಾರ್ಥಿಸಬೇಕು ಎನ್ನುವವರು ಬಯಸಿದ ಏರ್ಪಾಡೇ ಅದು. ಹಾಸಿಗೆ ಹಿಡಿದವರಿಗೆ ಅದರಿಂದ ನೆಮ್ಮದಿ ಸಿಕ್ಕಿತು, ಅದನ್ನು ಹಗುರ ಮಾಡಬಾರದು. ಆದರೆ ಐದು ಕೋಣೆಯ ಮನೆಯ ಬಾಯಿ ನೋಡಿದಳೋ ಇಲ್ಲವೋ, ಎದ್ದಳೋ ಇಲ್ಲವೋ, ಮೊಬೈಲಿಗೆ ಅದರ ಅರಿವಿರಲಿಲ್ಲ.

ಗಲ್ಫಿಗೆ ಹೋದ ನಮ್ಮವರು ಹೇಳುವ ಒಂದು ಸಂಗತಿಯಿದೆ. ಅಲ್ಲಿ ವಾರದ ರಜೆ ಶುಕ್ರವಾರವಿದ್ದ ಕಾಲದಲ್ಲಿ ಭಾನುವಾರ ಎಲ್ಲರಿಗೂ ಕೆಲಸದ ದಿನ. ಆದ್ದರಿಂದ ದುಬೈಯ ಸೇಂಟ್ ಮೇರೀಸ್ ಇಗರ್ಜಿಯಲ್ಲಿ ಭಾನುವಾರದ ಪೂಜೆಯನ್ನು ಶುಕ್ರವಾರವೇ ನಡೆಸುತ್ತಿದ್ದರು, ಒಂದಾದ ಮೇಲೊಂದು, ಬೇರೆ ಬೇರೆ ಭಾಷೆಗಳಲ್ಲಿ. 2022ರ ಜನವರಿಯಲ್ಲಿ ಆ ದೇಶದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗುವವರೆಗೂ ಹೀಗೆಯೇ ನಡೆಯಿತು. ವಾರವಿಡೀ ಒಂದೇ ಕ್ಯಾಂಪಿನಲ್ಲಿ ಬೆವರು ಸುರಿಸಿದ ಇಬ್ಬರು ಕರಾವಳಿಯ ಹುಡುಗರು, ಒಬ್ಬ ಬ್ಯಾರಿ, ಒಬ್ಬ ಕೊಂಕಣಿ ಕ್ರೈಸ್ತ, ಇನ್ನೂ ಎರಡು ಗಂಟೆ ಮಲಗುವ ಆಸೆಯಿದ್ದರೂ ಶುಕ್ರವಾರ ಎದ್ದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದೇ ಟ್ಯಾಕ್ಸಿಯ ಬಾಡಿಗೆ ಹಂಚಿಕೊಂಡು ಹೋಗುತ್ತಿದ್ದರಂತೆ. ಮಸೀದಿ ಮೊದಲು ಸಿಕ್ಕಿದರೆ ಇವನು ಇಳಿಯುತ್ತಿದ್ದ, ಅವನು ಮುಂದೆ ಹೋಗುತ್ತಿದ್ದ. ಮಧ್ಯಾಹ್ನ ಊಟಕ್ಕೆ ಇಬ್ಬರೂ ಮತ್ತೆ ಸೇರುತ್ತಿದ್ದರು.