ಗಣಾಚಾರವೂ ಹಕ್ಕಿಗಳ ಸಾಲೂ



ಪಂಚಾಚಾರಗಳಲ್ಲಿ ಗಣಾಚಾರ, ಭೃತ್ಯಾಚಾರಗಳನ್ನು ಬೇರೆ ಬೇರೆಯಾಗಿ ಎಣಿಸುವುದು ವಾಡಿಕೆ. ಶಿವಗಣದ ಹಿತವನ್ನು ಕಾಯುವುದು ಗಣಾಚಾರ. ಭಕ್ತರಿಗೆಲ್ಲ ತಾನು ಕಿಂಕರನೆಂದು ನಡೆಯುವುದು ಭೃತ್ಯಾಚಾರ. ಆದರೆ ಎರಡನೆಯದಿಲ್ಲದೆ ಮೊದಲನೆಯದು ನಿಲ್ಲಲಾರದು. ಇದನ್ನು ಗಗನಚರಗಳಾದ ಹಕ್ಕಿಗಳಿಂದಲೂ ನಾವು ಅರಿಯಬಹುದು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಟಿಬೆಟ್, ಮಂಗೋಲಿಯಾ ಮೊದಲಾದ ದೂರದ ಎತ್ತರದ ನಾಡುಗಳು ಅವುಗಳ ತವರು. ಉಸಿರಾಟವೇ ದುಸ್ತರವಾದ ಹಿಮವತ್ಪರ್ವತದ ನೆತ್ತಿಯನ್ನು ದಾಟಬಲ್ಲ ಈ ಜೀವಿಗಳು ಬಾಣದ ಮೊನೆಯಂತೆ ಸಾಲುಗಟ್ಟಿ ಹಾರುವುದನ್ನು ಆ ಸೀಮೆಯ ರೈತರು ಕಂಡೇ ಇರುತ್ತಾರೆ.

ಈ ಸಾಲು ಬರಿಯ ಅಂದಕ್ಕಾಗಿ ಅಲ್ಲ. ಹಾರುವ ಹಕ್ಕಿಯ ರೆಕ್ಕೆಯ ತುದಿಯಾಚೆ ಗಾಳಿಯು ಸುಳಿಗೊಂಡು ಮೇಲಕ್ಕೇಳುತ್ತದೆ. ಹಿಂದಿನ ಹಕ್ಕಿ ಆ ಏರುಗಾಳಿಯನ್ನು ಆಶ್ರಯಿಸಿ ತನ್ನ ಶ್ರಮವನ್ನು ತಗ್ಗಿಸಿಕೊಳ್ಳುತ್ತದೆ. ಎಲ್ಲಕ್ಕೂ ಮುಂದಿರುವ ಹಕ್ಕಿಗೆ ಮಾತ್ರ ಆ ಆಶ್ರಯವಿಲ್ಲ. ಹಾಗಾದರೆ ಆ ಕಷ್ಟದ ಸ್ಥಾನದಲ್ಲಿ ನಿಲ್ಲುವವರು ಯಾರು?

ಯೂರೋಪಿನ ವಿಜ್ಞಾನಿಗಳು ಕೆಂಬರಲು ಜಾತಿಯ 14 ಹಕ್ಕಿಗಳ ಬೆನ್ನಿಗೆ ಚಿಕ್ಕ ಯಂತ್ರಗಳನ್ನು ಕಟ್ಟಿ ಅವುಗಳ ಹಾರಾಟವನ್ನು ಅಳೆದರು. 2015ರಲ್ಲಿ ಪ್ರಕಟವಾದ ಫಲಿತಾಂಶವು ಮನನಯೋಗ್ಯವಾಗಿದೆ. ಅವು ಸರದಿಯಂತೆ ಮುಂದೆ ಬರುತ್ತಿದ್ದವು. ಒಂದು ಹಕ್ಕಿ ಇನ್ನೊಂದರ ಹಿಂದೆ ಎಷ್ಟು ಹೊತ್ತು ಹಾರಿತೋ ಹೆಚ್ಚುಕಡಮೆ ಅಷ್ಟೇ ಹೊತ್ತು ಅದರ ಮುಂದೆ ಹಾರಿ ಋಣ ತೀರಿಸುತ್ತಿತ್ತು. ಅಲ್ಲಿ ಮುಂದಣ ಸ್ಥಾನವು ಮಾನವಲ್ಲ, ಕಾಯಕ.

ನಮ್ಮ ಊರುಗಳನ್ನು ನೋಡಿರಿ. ಜಾತ್ರೆಯ ದಾಸೋಹದಲ್ಲಿ ಕೆಲವೇ ಮನೆಗಳ ತಾಯಂದಿರು ವರ್ಷವರ್ಷವೂ ಒಲೆಯ ಮುಂದೆ ಬೇಯುತ್ತಾರೆ. ಉಳಿದವರು ಪಂಕ್ತಿಗೆ ಮಾತ್ರ ಬರುತ್ತಾರೆ. ಸನ್ಮಾನದ ಶಾಲಿಗೆ ಮುಂದೆ ನಿಲ್ಲುವವರು ಎದುರುಗಾಳಿ ಬೀಸಿದಾಗ ಹಿಂದೆ ಸರಿಯುತ್ತಾರೆ. ದಣಿದವನನ್ನು ಹಿಂದಕ್ಕೆ ಕರೆದು ತಾನು ಮುಂದಾಗದವನು ಗಣದಲ್ಲಿದ್ದೂ ಗಣದವನಲ್ಲ. ತನ್ನ ಸರದಿ ಮುಗಿದ ಮೇಲೂ ಸ್ಥಾನವನ್ನು ಬಿಡದವನು ಭೃತ್ಯಾಚಾರವನ್ನೇ ಮರೆತವನು.

ಇಷ್ಟು ದೊಡ್ಡ ಗಣದಲ್ಲಿ ಒಬ್ಬನಿಂದೇನಾದೀತು ಎನ್ನುವಿರಾ? ರೋಮ್ ನಗರದ ಆಗಸದಲ್ಲಿ ಸಾವಿರಾರು ಕಬ್ಬಕ್ಕಿಗಳು ಒಂದೇ ಮೈಯಂತೆ ತಿರುಗುವುದನ್ನು ಪರೀಕ್ಷಿಸಿದವರು, ಪ್ರತಿಯೊಂದು ಹಕ್ಕಿಯೂ ತನಗೆ ಹತ್ತಿರದ ಆರೇಳು ಹಕ್ಕಿಗಳನ್ನಷ್ಟೇ ಅನುಸರಿಸುತ್ತದೆಂದು 2008ರಲ್ಲಿ ತಿಳಿಸಿದರು. ಅಪ್ಪಣೆ ಕೊಡುವ ಅರಸು ಅಲ್ಲಿಲ್ಲ. ನೆರೆಯವರ ಮೇಲಣ ಎಚ್ಚರವೇ ಇಡೀ ಹಿಂಡನ್ನು ಹಿಡಿದಿದೆ.

ಆದುದರಿಂದ ಗೃಹಸ್ಥರಾದ ನಾವು ಲೋಕವನ್ನೆಲ್ಲ ತಿದ್ದಹೊರಡುವುದು ಬೇಡ. ಸುತ್ತಲಿನ ಏಳು ಮನೆಗಳನ್ನು ಅರಿತಿರೋಣ. ಯಾರ ಮನೆಯಲ್ಲಿ ರೋಗವಿದೆ, ಯಾರ ಹೊಲ ಬಿತ್ತದೆ ಉಳಿದಿದೆ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದನ್ನು ಕೇಳಿ ತಿಳಿಯೋಣ. ಇಂದು ಸಾಯಂಕಾಲ ಲಿಂಗಪೂಜೆಗೆ ಕುಳಿತಾಗ ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಲಿ: ನಾನು ಯಾರ ರೆಕ್ಕೆಯ ಆಶ್ರಯದಲ್ಲಿ ಇಷ್ಟು ದೂರ ಬಂದೆ? ಅವರಿಗಾಗಿ ಗಾಳಿಗೆ ಎದೆಯೊಡ್ಡುವ ನನ್ನ ಸರದಿ ಬಂದಿಲ್ಲವೆ?