ಭಾರವೂ ದೋಷವೂ

ಭಾರ ಬಿದ್ದಾಗ ತೋರಿದ ದೋಷಕ್ಕೆ ಭಾರವೇ ಕಾರಣವೆನ್ನಬಹುದೇ? ಅಥವಾ ಆ ಹೊತ್ತಿನಲ್ಲಿ ಕೆಲಸವು ಯಾರ ಕೈಯಲ್ಲಿತ್ತೋ ಅವನನ್ನು ಕಾರಣನೆನ್ನಬಹುದೇ? ಇದು ಪಾಠಶಾಲೆಯ ಜಗಲಿಯ ಮೇಲಿನ ಪ್ರಶ್ನೆಯೆಂದು ತೋರಿದರೂ ಇದರ ಉತ್ತರವನ್ನು ಒಬ್ಬ ಬಡವನ ಅನ್ನವು ಆಶ್ರಯಿಸಿರುವುದುಂಟು. ಆದಕಾರಣ ಗ್ರಂಥಗಳ ಘಟಪಟಗಳನ್ನು ತುಸು ಬದಿಗಿಟ್ಟು, ನಮ್ಮ ಸೀಮೆಯ ಹೊಲಗಳಲ್ಲಿ ದುಡಿಯುವ ಹಳೆಯ ಟ್ರ್ಯಾಕ್ಟರನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳುವೆನು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸುತ್ತಿನಲ್ಲಿ ಒಂದು ತಲೆಮಾರು ದುಡಿದು ಎರಡನೆಯದಕ್ಕೆ ಬಂದಿರುವ ಟ್ರ್ಯಾಕ್ಟರುಗಳು ಇನ್ನೂ ಇವೆ. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆಯು ಜೆಕೊಸ್ಲೊವಾಕಿಯದ ಜೆಟರ್ ಕಂಪೆನಿಯ ಸಹಯೋಗದಿಂದ 1971ರಲ್ಲಿ ಟ್ರ್ಯಾಕ್ಟರು ತಯಾರಿಕೆಗೆ ತೊಡಗಿತು. ಆ ವಿಭಾಗವನ್ನು ಮುಚ್ಚುವುದೆಂದು ಕೇಂದ್ರ ಸರ್ಕಾರವು 2016ರಲ್ಲಿ ನಿಶ್ಚಯಿಸಿತು. ಮಾಡಿದವರು ಬಾಗಿಲು ಹಾಕಿಕೊಂಡರು, ಯಂತ್ರವು ಮಾತ್ರ ಹೊಲದಲ್ಲಿ ಉಳಿಯಿತು. ಅದರ ಗುಣದೋಷವಿಚಾರವು ಊರ ಮೆಕ್ಯಾನಿಕ್ಕಿನ ಪಾಲಿಗೆ ಬಂದಿತು.

ಈ ಹಳೆಯ ಯಂತ್ರಗಳಿಗೆ ಬರುವ ಒಂದು ವ್ಯಾಧಿಯು ವಿಚಿತ್ರವಾದುದು. ಕೊಟ್ಟಿಗೆಯಲ್ಲಿ ನಿಂತಿರುವಾಗ ಇಂಜಿನ್ನು ಸೊಗಸಾಗಿ ನಡೆಯುವುದು. ಬೇಸಗೆಯಲ್ಲಿ ಕೆರೆಯ ಗೋಡನ್ನು ಟ್ರೈಲರಿಗೆ ತುಂಬಿ ಏರಿಯನ್ನು ಹತ್ತಿಸಹೋದರೆ ಮುಗ್ಗರಿಸುವುದು. ನೋಡಿದವರು ಭಾರವೇ ಕಾರಣವೆಂದು ನಿರ್ಣಯಿಸುವರು. ಆದರೆ ಒಳಗೆ ನಡೆಯುವುದು ಬೇರೆ. ಸುಮ್ಮನೆ ನಿಂತಿರುವ ಇಂಜಿನ್ನಿಗೆ ಬೇಕಾಗುವ ಡೀಸೆಲ್ಲು ಅತ್ಯಲ್ಪ. ಫಿಲ್ಟರು ಮುಕ್ಕಾಲು ಪಾಲು ಕಟ್ಟಿದ್ದರೂ ಅಷ್ಟು ಹೇಗೋ ನುಸುಳಿ ಬರುವುದು. ಭಾರ ಬಿದ್ದೊಡನೆ ವೇಗವು ಕುಗ್ಗುವುದು. ಕುಗ್ಗಿದುದನ್ನು ಗವರ್ನರು ಅರಿತು ಹೆಚ್ಚು ಡೀಸೆಲ್ಲನ್ನು ಬೇಡುವುದು. ಬೇಡಿದಷ್ಟು ಬರಲು ದಾರಿಯಿಲ್ಲ. ದೋಷವು ಮೊದಲೇ ಇತ್ತು, ಕೇಳುವವರಿರಲಿಲ್ಲ.

ತರ್ಕಶಾಸ್ತ್ರದಲ್ಲಿ ಇದಕ್ಕೆ ಹಳೆಯ ಹೆಸರುಂಟು. ಹೊಗೆಯಿರುವೆಡೆ ಬೆಂಕಿಯಿರುವುದೆಂಬ ವ್ಯಾಪ್ತಿಯು ಸರಿ. ಬೆಂಕಿಯಿರುವೆಡೆಯೆಲ್ಲ ಹೊಗೆಯಿರುವುದೆಂದರೆ ತಪ್ಪು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯು ಸೇರಿದಾಗಲೇ ಹೊಗೆ. ಆ ಹಸಿ ಸೌದೆಗೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟರು. ಭಾರವಿರುವೆಡೆ ಮುಗ್ಗರಿಕೆ ಎಂಬುದೂ ಅಂತಹುದೇ. ಕಟ್ಟಿಕೊಂಡ ದಾರಿಯು ಅಲ್ಲಿಯ ಹಸಿ ಸೌದೆ. ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಅಧ್ಯಯನ ಮಾಡಿದ ವ್ಯಾಸತೀರ್ಥರು ಮುಂದೆ 'ತರ್ಕತಾಂಡವ'ವನ್ನು ರಚಿಸಿದರು. ಈ ಮಣ್ಣಿಗೆ ಇಂತಹ ವಿಚಾರವು ಹೊಸತೇನೂ ಅಲ್ಲ.

ಆದರೂ ನಾವು ಉಪಾಧಿಯನ್ನು ಹುಡುಕುವ ಮೊದಲು ಮನುಷ್ಯನನ್ನು ಹುಡುಕುವೆವು. ನಾನು ಬಲ್ಲ ಒಂದು ಮನೆಯಲ್ಲಿ ಹೀಗಾಯಿತು. ಟ್ರ್ಯಾಕ್ಟರು ಏರಿಯ ಮೇಲೆ ಪದೇ ಪದೇ ನಿಲ್ಲತೊಡಗಿತು. ಡ್ರೈವರನು ಡೀಸೆಲ್ಲನ್ನು ಕದ್ದು ಮಾರಿ ಸೀಮೆಎಣ್ಣೆ ಬೆರೆಸುತ್ತಿರುವನೆಂದು ಮನೆಯವರು ನಿಶ್ಚಯಿಸಿದರು. ಅವನು ಹೇಳಿದುದಿಷ್ಟೇ: "ಅರ್ಧ ಗಂಟೆ ಚೆನ್ನಾಗೇ ಓಡ್ತೈತೆ ಗೌಡ್ರೇ, ಆಮೇಲೆ ಉಸಿರು ಕಟ್ತೈತೆ. ಒಸಿ ನಿಲ್ಲಿಸಿದ್ರೆ ಮತ್ತೆ ಓಡ್ತೈತೆ." ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನನ್ನು ಬಿಡಿಸಿದರು. ಹೊಸಬನು ಬಂದನು, ಏರಿಯ ಮೇಲೆ ಯಂತ್ರವು ಮೊದಲಿನಂತೆಯೇ ನಿಂತಿತು. ಇವನೂ ಕಳ್ಳನೆಂದರು! ಕಡೆಗೆ ಮೆಕ್ಯಾನಿಕ್ಕೊಬ್ಬನು ಬಂದು, ಇಂಜಿನ್ನು ನಿಂತಾಗಲೇ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದನು. ಬುಸ್ಸೆಂದು ಗಾಳಿಯು ಒಳಕ್ಕೆ ಹೋಯಿತು. ಮುಚ್ಚಳದ ಸಣ್ಣ ರಂಧ್ರದಲ್ಲಿ ನಮ್ಮ ಕೆಂಪು ಮಣ್ಣೂ ಎಣ್ಣೆಯ ಜಿಡ್ಡೂ ಗಟ್ಟಿಯಾಗಿ ಕೂತಿದ್ದವು. ಡೀಸೆಲ್ಲು ಇಳಿದಷ್ಟು ಗಾಳಿಯು ಒಳಗೆ ಬಾರದೆ ಟ್ಯಾಂಕು ಅಕ್ಷರಶಃ ಉಸಿರುಕಟ್ಟುತ್ತಿತ್ತು. ಒಂದು ಸೂಜಿಯಿಂದ ಕೆಲಸವು ಮುಗಿಯಿತು. ಮೊದಲಿನ ಡ್ರೈವರನು ಅಷ್ಟರಲ್ಲಿ ಕಳ್ಳನೆಂಬ ಹೆಸರನ್ನು ಹೊತ್ತು, ಊರಿನಲ್ಲಿ ಯಾರೂ ಕೆಲಸ ಕೊಡದೆ, ಸಂತೆಯಲ್ಲಿ ಟೊಮೇಟೊ ಪೆಟ್ಟಿಗೆಗಳನ್ನು ಹೊರುತ್ತಿದ್ದನು.

ಮಡಕೆಗೆ ಮಣ್ಣನ್ನು ಹೊತ್ತು ತಂದ ಕುಂಬಾರನ ಕತ್ತೆಯು ಮಡಕೆಗೆ ಮೊದಲೇ ಇದ್ದರೂ ಕಾರಣವಲ್ಲವೆಂದು ಶಾಸ್ತ್ರಕಾರರು ಎಚ್ಚರಿಕೆಯಿಂದ ಬೇರ್ಪಡಿಸಿರುವರು. ಕತ್ತೆಗೆ ಸಂದ ಆ ನ್ಯಾಯವು ಆ ಡ್ರೈವರನಿಗೆ ಸಲ್ಲಲಿಲ್ಲ. ಅವನು ಹೋದ ಮೇಲೂ ಮುಗ್ಗರಿಕೆಯು ಉಳಿಯಿತು. ಈ ವ್ಯತಿರೇಕವೊಂದೇ ಅವನನ್ನು ಮರಳಿ ಕರೆಸಲು ಸಾಕಾಗಬೇಕಿತ್ತು.

ಹಾಗೆಂದು ಕೈಯಲ್ಲಿ ಹಿಡಿದವನು ಸದಾ ನಿರ್ದೋಷಿಯೆಂದು ನಾನು ವಾದಿಸುವುದಿಲ್ಲ. ಡೀಸೆಲ್ಲು ಕದಿಯುವವರೂ ಉಂಟು, ತಿಂಗಳುಗಟ್ಟಲೆ ಏರ್ ಕ್ಲೀನರಿನ ಎಣ್ಣೆಯನ್ನು ಬದಲಿಸದವರೂ ಉಂಟು. ಆದರೆ ಅದಕ್ಕೂ ಲಿಂಗವುಂಟು, ಪರೀಕ್ಷೆಯುಂಟು. ನೈಯಾಯಿಕನು ಹೊಗೆಯಿಂದ ಬೆಂಕಿಯನ್ನಷ್ಟೇ ಊಹಿಸಿದರೆ, ಮೆಕ್ಯಾನಿಕ್ಕು ಹೊಗೆಯ ಬಣ್ಣದಿಂದ ವ್ಯಾಧಿಯನ್ನೇ ಊಹಿಸುವನು. ಭಾರದಲ್ಲಿ ಕಪ್ಪು ಹೊಗೆಯೆದ್ದರೆ ಡೀಸೆಲ್ಲಿಗೆ ತಕ್ಕ ಗಾಳಿಯಿಲ್ಲ, ಇಲ್ಲವೆ ಇಂಜೆಕ್ಟರು ಕೆಟ್ಟಿದೆ, ಇಲ್ಲವೆ ಹೊರೆಯೇ ಮಿತಿಮೀರಿದೆ. ನೀಲಿಯಾದರೆ ಇಂಜಿನ್ನಿನ ಎಣ್ಣೆಯು ಸುಡುತ್ತಿದೆ. ಹೊಗೆಯೇ ಇಲ್ಲದೆ ಸೋತರೆ ಡೀಸೆಲ್ಲು ತಲುಪುತ್ತಿಲ್ಲವೆಂದು ಮೊದಲು ಶಂಕಿಸತಕ್ಕದ್ದು. ನೋಡುವ ಕ್ರಮವೂ ಅವನಿಗೆ ಗೊತ್ತು: ಮೊದಲು ಮುಚ್ಚಳ, ಬಳಿಕ ಫಿಲ್ಟರು, ಬಳಿಕ ಕೊಳವೆಯಲ್ಲಿ ಸೇರಿದ ಗಾಳಿ, ಏರ್ ಕ್ಲೀನರು, ಇಂಜಿನ್ನನ್ನು ಬಿಚ್ಚುವುದು ಕಟ್ಟಕಡೆಗೆ. ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡುವುದು ಜಿಪುಣತನವೆಂದು ಕೆಲವರು ನಗುವರು. ನನಗದು ಧರ್ಮವಾಗಿ ಕಾಣುವುದು.

ಇನ್ನು ನಿಜವಾಗಿಯೂ ಸವೆದ ಇಂಜಿನ್ನಿನ ಮಾತು. ಪಿಸ್ಟನಿನ ರಿಂಗುಗಳು ತೆಳುವಾಗಿ ಒತ್ತಡವು ನಿಲ್ಲದಿದ್ದರೆ ಮುಚ್ಚಳವನ್ನು ಚುಚ್ಚಿ ಪ್ರಯೋಜನವಿಲ್ಲ. ಅದನ್ನು ಬಿಚ್ಚಿಸಿ ರಿಪೇರಿ ಮಾಡಿಸಬೇಕು. ಹಣವಿಲ್ಲದವನು ಹೊರೆಯನ್ನಾದರೂ ಇಳಿಸಬೇಕು. ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಅಂತಹ ಟ್ರ್ಯಾಕ್ಟರನ್ನು ಗುಜರಿಗೆ ಹಾಕದೆ, ಉಳುಮೆಯಿಂದ ಬಿಡಿಸಿ, ಮಾವಿನ ತೋಪಿನಲ್ಲಿ ಔಷಧಿ ಸಿಂಪಡಿಸುವ ಪಂಪನ್ನು ತಿರುಗಿಸಲು ಇಟ್ಟುಕೊಂಡಿರುವರು. ಅಷ್ಟು ಭಾರವನ್ನು ಅದು ಈಗಲೂ ಮುಗ್ಗರಿಸದೆ ಹೊರುತ್ತಿದೆ.