ಕೊಟ್ಟವರು ಯಾರು?

*ಇಂದಿನ ಧಮ್ಮ ಚಿಂತನೆ*



ಪ್ರತಿ ಭಾನುವಾರ ಪಂಚಶೀಲ ಹೇಳುವಾಗ ಎರಡನೆಯ ಶೀಲವನ್ನು ನಾವು ಬೇಗ ದಾಟಿಬಿಡುತ್ತೇವೆ. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಶೀಲ. ನಾವೇನು ಕಳ್ಳರೇ, ಇದರಲ್ಲಿ ಯೋಚಿಸುವುದೇನಿದೆ ಅಂದುಕೊಳ್ಳುತ್ತೇವೆ. ಹೋದ ವಾರ ಘಾಟಿ ಸುಬ್ರಹ್ಮಣ್ಯದ ಪಕ್ಕದ ಹಳ್ಳಿಯ ಒಬ್ಬ ತಾಯಿ, ನಮ್ಮ ಬಳಗದವರೇ, ನನ್ನನ್ನು ಈ ಶೀಲದ ಮುಂದೆ ನಿಲ್ಲಿಸಿಬಿಟ್ಟರು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾರೆ.

ಅವರ ಕಿರಿಯ ಮಗ ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಹನ್ನೊಂದು ವರ್ಷ ಕೆಲಸದಲ್ಲಿದ್ದ. ಹೋದ ವರ್ಷ ಕ್ಯಾನ್ಸರ್ ಬಂದು ತೀರಿಕೊಂಡ. ಮದುವೆಯಾಗಿರಲಿಲ್ಲ, ಮಕ್ಕಳಿಲ್ಲ, ವಿಲ್ ಬರೆದಿರಲಿಲ್ಲ. ತಂದೆ ಮೊದಲೇ ಹೋಗಿದ್ದರು. ಅಲ್ಲಿ ಅವನೊಬ್ಬನ ಹೆಸರಿನಲ್ಲಿ ಒಂದು ಸಣ್ಣ ಮನೆ ಇದೆ, ಬ್ಯಾಂಕ್ ಸಾಲ ಇನ್ನೂ ಸ್ವಲ್ಪ ಬಾಕಿ.

ಮನೆ, ಜಮೀನು ಯಾವ ದೇಶದಲ್ಲಿದೆಯೋ ಆ ದೇಶದ ಕಾನೂನಿನಂತೆ ಅದರ ವಾರಸು ನಿರ್ಧಾರವಾಗುತ್ತದೆ. ಹೆಂಡತಿ ಮಕ್ಕಳಿಲ್ಲದವನು ವಿಲ್ ಬರೆಯದೆ ಸತ್ತರೆ ಇಂಗ್ಲೆಂಡಿನ ಕಾನೂನಿನಲ್ಲಿ ಆಸ್ತಿ ತಂದೆತಾಯಿಗೆ ಬರುತ್ತದೆ. ನಮ್ಮ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ (ಹೆಸರು ಹಾಗಿದ್ದರೂ ಬೌದ್ಧರಾದ ನಮಗೂ ಅದೇ ಅನ್ವಯ) ತೆಗೆದು ನೋಡಿದರೂ ತಾಯಿಯೇ ಮೊದಲ ವರ್ಗದ ವಾರಸುದಾರಳು. ಹೊರದೇಶದಲ್ಲಿ ನೆಲೆಸಿದ್ದವರಿಂದ ವಾರಸಾಗಿ ಬಂದ ಅಲ್ಲಿನ ಆಸ್ತಿಯನ್ನು ಇಲ್ಲಿರುವವರು ಇಟ್ಟುಕೊಳ್ಳಲು 1999ರ ಫೆಮಾ ಕಾಯ್ದೆಯೂ ಅವಕಾಶ ಕೊಟ್ಟಿದೆ. ಎಲ್ಲಾ ಕಾಗದವೂ ಆ ತಾಯಿಯ ಕಡೆಗೇ ಕೈ ತೋರಿಸುತ್ತದೆ.

ಆದರೆ ಆ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ. ಎಂಟು ವರ್ಷ ಅವನ ಜೊತೆ ಬಾಳಿದವಳು. ಸಾಲದ ಕಂತಿನಲ್ಲಿ ಅರ್ಧ ಪ್ರತಿ ತಿಂಗಳೂ ಅವಳ ಖಾತೆಯಿಂದ ಹೋಗಿದೆ. ಕೊನೆಯ ಆರು ತಿಂಗಳು ಅವನನ್ನು ಎತ್ತಿ ಕೂರಿಸಿ, ಮೈ ಒರೆಸಿ, ಊಟ ಮಾಡಿಸಿದವಳು. ಜೊತೆಗೆ ಬಾಳಿದರೂ ಮದುವೆಯಾಗದಿದ್ದರೆ ಅಲ್ಲಿನ ವಾರಸುದಾರರ ಪಟ್ಟಿಯಲ್ಲಿ ಜಾಗವಿಲ್ಲ. ಆದರೂ ಒಂದು ಬಾಗಿಲಿದೆ. ಎರಡು ವರ್ಷ ಅಥವಾ ಹೆಚ್ಚು ಗಂಡ ಹೆಂಡಿರಂತೆ ಬಾಳಿದವರು 1975ರ ಒಂದು ಕಾಯ್ದೆಯ ಕೆಳಗೆ ಕೋರ್ಟಿಗೆ ಅರ್ಜಿ ಹಾಕಬಹುದು. ಅದನ್ನೂ ಆಸ್ತಿ ನಿರ್ವಹಣೆಯ ಪತ್ರ ಸಿಕ್ಕ ಆರು ತಿಂಗಳೊಳಗೆ ಹಾಕಬೇಕು.

ಹಿರಿಯ ಮಗ ವಕೀಲರನ್ನು ಕೇಳಿಕೊಂಡು ಬಂದು ತಾಯಿಗೆ ಹೇಳಿದ್ದು ಇಷ್ಟೇ: "ಪತ್ರ ಬಂದ್ಮೇಲೆ ಆರು ತಿಂಗಳು ಸುಮ್ನಿರವ್ವ. ನಾವು ಸುಳ್ಳು ಹೇಳ್ಬೇಕಾಗಿಲ್ಲ, ಕಳ್ತನ ಮಾಡ್ಬೇಕಾಗಿಲ್ಲ. ಸುಮ್ನಿದ್ರೆ ಸಾಕು."

ಆ ತಾಯಿ ನನ್ನನ್ನು ಕೇಳಿದರು. "ಮೇಷ್ಟ್ರೇ, ಸುಮ್ನಿರೋದು ಶೀಲ ಮುರಿದಂಗೆ ಆಯ್ತದಾ?"

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಮೊದಲು ಹೋದದ್ದು ಹಿರಿಯ ಮಗನ ಕಡೆಗೇ. ಬಿಟ್ಟುಕೊಡು, ಆಸೆ ಬೇಡ ಎಂದು ನಮ್ಮ ಜನಕ್ಕೆ ಉಪದೇಶ ಮಾಡುವುದು ಬಹಳ ಸುಲಭ. ನೂರಾರು ವರ್ಷ ಊರಿನವರು ನಮಗೆ ಹೇಳಿದ್ದು ಅದನ್ನೇ ಅಲ್ಲವೇ? ನನ್ನ ತಾತ ಜೀತಕ್ಕಿದ್ದರು. ತಾತ ಸತ್ತಾಗ ಅಪ್ಪನಿಗೆ ವಾರಸಾಗಿ ಬಂದದ್ದು ಆ ಸಾಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಓದಿ ನೋಡಿ. ಜೀತ ಎಂದರೇನು ಎಂದು ವಿವರಿಸುವ ಕಡೆ, ಹಿರಿಯರು ಮಾಡಿದ ಸಾಲ, ವಾರಸಾಗಿ ಬಂದ ಹೊಣೆ ಎಂದೇ ಬರೆದಿದೆ. ಆಸ್ತಿ ಅನ್ನುವುದು ನಮ್ಮ ಮನೆಗಳಿಗೆ ಬರುತ್ತಿರುವುದೇ ಈಗ. ಬಾಬಾಸಾಹೇಬರಿಗೆ ವಾರಸು ಹಗುರ ವಿಷಯವಾಗಿರಲಿಲ್ಲ. ಹೆಣ್ಣುಮಕ್ಕಳಿಗೂ ಆಸ್ತಿಯ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟದ್ದು 1951ರಲ್ಲಿ ಅವರು ಮಂತ್ರಿ ಪದವಿ ಬಿಡಲು ಒಂದು ಮುಖ್ಯ ಕಾರಣ. ಬುದ್ಧ ಬಡತನವನ್ನು ಹೊಗಳಲಿಲ್ಲ ಎಂಬುದನ್ನೂ ಅವರು ನಮಗೆ ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ "ಮನೆ ಬೇಡ ಅನ್ನಿ" ಎಂದು ಆ ತಾಯಿಗೆ ನಾನು ಹೇಳಲಾರೆ. ಮಗನನ್ನು ಕಳಿಸಲು ಓಲೆ ಮಾರಿದವರು ಅವರು.

ಇನ್ನೊಂದು ವಿಷಯ. ಧಮ್ಮಕ್ಕೆ ಬರುವ ಮೊದಲು ಅವರು ಘಾಟಿಯಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ್ದರು. ಎರಡನೆಯ ಮಗು ನಿಲ್ಲುತ್ತಿರಲಿಲ್ಲವಂತೆ. ಅಲ್ಲಿಗೆ ಹೋದವರಿಗೆ ಗೊತ್ತು, ಮರದ ಕೆಳಗೆ ಸಾಲು ಸಾಲು ಕಲ್ಲು, ಒಂದೊಂದರ ಹಿಂದೆಯೂ ಒಂದು ಮನೆಯ ಮಕ್ಕಳ ಆಸೆ. (ನಾಗರು ಧಮ್ಮವನ್ನು ಹರಡಿದ ಜನ ಎಂದು ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಹೇಳಿದ್ದು ಆಗ ಅವರಿಗೆ ಗೊತ್ತಿರಲಿಲ್ಲ. ಇರಲಿ.) ವಂಶಕ್ಕೆ ಇರಲಿ ಎಂದು ಬೇಡಿ ಪಡೆದ ಮಗ. ಈಗ ಅವನಿಗೇ ಇವರು ವಾರಸುದಾರರು. ಈ ಮಾತು ಹೇಳುವಾಗ ಅವರ ದನಿ ನಿಂತುಹೋಯಿತು. ನಾನೂ ಸುಮ್ಮನೆ ಕೂತೆ.

ರಾಹುಲನ ಕಥೆ ನಮಗೆಲ್ಲ ಗೊತ್ತು. ಬುದ್ಧ ಕಪಿಲವಸ್ತುವಿಗೆ ಬಂದಾಗ, ತಾಯಿ ಹೇಳಿಕೊಟ್ಟಂತೆ, ಆ ಹುಡುಗ ಹಿಂದೆ ಹಿಂದೆಯೇ ನಡೆದು ಪಿತ್ರಾರ್ಜಿತ ಕೇಳಿದ. ಬುದ್ಧ ಅವನನ್ನು ಸಂಘಕ್ಕೆ ಸೇರಿಸಿಕೊಂಡ. ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಮುಂದಿನ ಭಾಗವೂ ವಿನಯದಲ್ಲಿ ಇದೆ. ಅಜ್ಜ ಶುದ್ಧೋದನ ಬಂದ. ಮಗ ಹೋದ, ಈಗ ಮೊಮ್ಮಗನೂ ಹೋದ, ಈ ನೋವು ಚರ್ಮ ಮಾಂಸ ದಾಟಿ ಮೂಳೆಗೆ ಇಳಿದಿದೆ ಎಂದ. ಬುದ್ಧ ಅವನ ಮಾತು ಕೇಳಿ, ಇನ್ನು ಮುಂದೆ ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ಪ್ರವ್ರಜ್ಯೆ ಕೊಡಬಾರದು ಎಂದು ನಿಯಮ ಮಾಡಿದ. ಕೊಟ್ಟವನು ಬುದ್ಧ, ಪಡೆದವನು ಮಗ. ಆದರೂ ಮೂರನೆಯವನೊಬ್ಬನಿಗೆ ನೋವಾಗಿತ್ತು, ಅವನ ಮಾತನ್ನು ಬುದ್ಧ ಕೇಳಿಸಿಕೊಂಡ.

ಹಾಗಾದರೆ ಲೆಸ್ಟರ್‌ನ ಮನೆಯನ್ನು ಕೊಟ್ಟವರು ಯಾರು? ಮಗ ಕೊಡಲಿಲ್ಲ, ಅವನು ಏನನ್ನೂ ಬರೆದಿಡಲಿಲ್ಲ. ಕೊಟ್ಟದ್ದು ಕಾನೂನು. ಕಾನೂನು ಕೊಟ್ಟದ್ದನ್ನು ನಾವು ಕಡೆಗಣಿಸುವ ಜನರಲ್ಲ, ನಮಗೆ ಬಂದದ್ದೆಲ್ಲ ಬಂದದ್ದು ಹಾಗೆಯೇ. ಆದರೆ ಆ ಮನೆಯೊಳಗೆ ಆ ಹೆಣ್ಣುಮಗಳ ಎಂಟು ವರ್ಷದ ದುಡಿಮೆಯೂ ಸೇರಿದೆ. ಅದನ್ನು ಅವಳು ಕೊಟ್ಟಿಲ್ಲ. ಅವಳನ್ನು ಯಾರೂ ಕೇಳಿಯೂ ಇಲ್ಲ. ದುಡಿದವರೊಬ್ಬರು, ಕಾಗದದಲ್ಲಿ ಹೆಸರು ಇನ್ನೊಬ್ಬರದು ಎನ್ನುವ ಕಥೆ ನಮಗೆ ಹೊಸದೇ? ಗೌಡರ ಹೊಲದಲ್ಲಿ ನನ್ನ ತಾತನ ಸ್ಥಾನ ಅದೇ ಆಗಿತ್ತು. ಅವಳ ಪಾಲನ್ನು ಅವಳಿಗೆ ಬಿಡುವುದು ದಾನ ಅಂತಲೂ ನನಗೆ ಅನ್ನಿಸುವುದಿಲ್ಲ. ಅವಳಿಗಿರುವ ಆರು ತಿಂಗಳ ಬಾಗಿಲು ಅವಳಿಗೆ ಗೊತ್ತಾಗದಿರಲಿ ಎಂದು ಕಾಯುತ್ತಾ ಕೂರುವುದು, ನನ್ನ ಮಟ್ಟಿಗೆ, ತೆಗೆದುಕೊಳ್ಳುವುದೇ.

ಇಷ್ಟನ್ನು ಆ ತಾಯಿಗೆ ಹೇಳಿದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಎದ್ದು ಒಳಗೆ ಹೋಗಿ ಒಂದು ಫೋಟೋ ತಂದರು. ದೊಡ್ಡಬಳ್ಳಾಪುರದಲ್ಲಿ ಕಟ್ಟು ಹಾಕಿಸಿ ಮಗನಿಗೆ ಕೊಟ್ಟು ಕಳಿಸಿದ್ದ ಬಾಬಾಸಾಹೇಬರ ಫೋಟೋ. ಅವನು ಸತ್ತ ಮೇಲೆ ಆ ಹೆಣ್ಣುಮಗಳು ಅದನ್ನು ಅವನ ಅಂಗಿಗಳಲ್ಲಿ ಸುತ್ತಿ, ಗಾಜು ಒಡೆಯದ ಹಾಗೆ, ಪಾರ್ಸೆಲ್ ಮಾಡಿದ್ದಳು.

"ಆರು ತಿಂಗಳ ವಿಷ್ಯ ಇಂಗ್ಲೀಷಲ್ಲಿ ಬರಿಯಕ್ಕೆ ಎಷ್ಟು ಸಾಲು ಬೇಕು ಮೇಷ್ಟ್ರೇ?" ಎಂದರು.

ನಾಲ್ಕು ಸಾಲು ಸಾಕಾಯಿತು. ಯಾರಿಗೆ ಎಷ್ಟು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಿರಿಯ ಮಗ ಜಗಲಿಯ ಮೇಲೇ ಕೂತಿದ್ದ, ಒಳಗೆ ಬರಲಿಲ್ಲ. ಅವಳ ಈಮೇಲ್ ವಿಳಾಸ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ, ನಮ್ಮ ಕಡೆ ತಿರುಗದೆ, ಒಂದೊಂದೇ ಅಕ್ಷರ ಹೇಳಿದ.

ಜೈಭೀಮ್.